ಬರೆದ ‘ಎಂಟ್’ ಬಾಯಲ್ಲಿ ಏಕೆ ಇಲ್ಲ?

ಪ್ರಶ್ನೆ: ಫ್ರೆಂಚ್‌ನಲ್ಲಿ ‘ಅವರು ಮಾತನಾಡುತ್ತಾರೆ’ ಎಂಬುದರ ಕ್ರಿಯಾರೂಪವನ್ನು ಪುಸ್ತಕದಲ್ಲಿ ‘ಪಾರ್-ಲೆಂಟ್’ (par-lent, ಕೊನೆಯಲ್ಲಿ ‘ಎಂಟ್’ ಅಂದರೆ ent ಅಕ್ಷರಗಳು) ಎಂಬಂತೆ ಎರಡು ತುಂಡು ಮಾಡಿ ತೋರಿಸುತ್ತಾರೆ, ಧ್ವನಿಮುದ್ರಣದಲ್ಲಿ ‘ಪಾರ್ಲ್’ ಎಂದಷ್ಟೇ ಕೇಳಿಸುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಪುಸ್ತಕದ ವಿಂಗಡಣೆ ಬರವಣಿಗೆಗೆ ಸೇರಿದ್ದು. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಬೇಕಾದಾಗ ಅಡ್ಡಗೆರೆ ಎಲ್ಲಿ ಬರಬೇಕೆಂಬುದನ್ನು ಅದು ಹೇಳುತ್ತದೆ, ಆದ್ದರಿಂದ ಉಚ್ಚರಿಸದ ಸ್ವರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮಾತಿನಲ್ಲಿ ಈ ರೂಪಕ್ಕೆ ಇರುವುದು ಒಂದೇ ಉಚ್ಚಾರಾಂಶ, ಅಂದರೆ ಒಂದೇ ಸಿಲಬಲ್.

‘ಪಾರ್ಲೆ’ ಕ್ರಿಯಾಪದದ ವರ್ತಮಾನಕಾಲದಲ್ಲಿ ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೂ ಸೇರಿ ಮೂರು ಬಗೆಯ ಕಾಗುಣಿತವಿದ್ದರೂ ಉಚ್ಚಾರ ಮಾತ್ರ ‘ಪಾರ್ಲ್’ ಒಂದೇ. ‘ನಾವು’ ಮತ್ತು ‘ನೀವು’ ಕರ್ತೃಗಳಾದಾಗ ಮಾತ್ರ ‘ಪಾರ್-ಲೋಂ’, ‘ಪಾರ್-ಲೆ’ ಎಂದು ಎರಡು ಉಚ್ಚಾರಾಂಶಗಳು ಕೇಳಿಸುತ್ತವೆ. ಕನ್ನಡದಲ್ಲಿ ‘ಮಾತನಾಡುತ್ತೇನೆ’ ಎಂದರೆ ಸಾಕು, ಮಾತನಾಡುವವರು ಯಾರೆಂದು ತಿಳಿಯುತ್ತದೆ. ಫ್ರೆಂಚ್‌ನಲ್ಲಿ ಆ ಭಾರವನ್ನು ಸರ್ವನಾಮವೇ ಹೊರುವುದರಿಂದ ಅದನ್ನು ಬಿಡುವಂತಿಲ್ಲ.

ಹಾಗಿದ್ದರೂ ‘ಅವನು’ ಮತ್ತು ‘ಅವರು’ ಎರಡೂ ವ್ಯಂಜನದ ಮುಂದೆ ‘ಇಲ್’ ಎಂದೇ ಕೇಳಿಸುವುದರಿಂದ ‘ಇಲ್ ಪಾರ್ಲ್’ ಎಂಬಲ್ಲಿ ಏಕವಚನವೋ ಬಹುವಚನವೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. ಕ್ರಿಯಾಪದ ಸ್ವರದಿಂದ ಆರಂಭವಾದರೆ ಈ ತೊಡಕಿಲ್ಲ. ‘ಅವನು ಪ್ರೀತಿಸುತ್ತಾನೆ’ ಎಂಬುದು ‘ಇ-ಲೆಮ್’ ಆಗುತ್ತದೆ. ‘ಅವರು ಪ್ರೀತಿಸುತ್ತಾರೆ’ ಎಂಬುದು ‘ಇಲ್-ಜ಼ೆಮ್’, ಏಕೆಂದರೆ ಬಹುವಚನದ ಮೂಕ ‘ಎಸ್’ ಇಲ್ಲಿ ‘ಜ಼್’ ಆಗಿ ಎಚ್ಚೆತ್ತು ಮುಂದಿನ ಉಚ್ಚಾರಾಂಶಕ್ಕೆ ಸೇರಿಕೊಳ್ಳುತ್ತದೆ. ಪದದ ಗಡಿಯನ್ನು ಫ್ರೆಂಚ್ ಮಾತು ಎಷ್ಟು ಕಡಿಮೆ ಲೆಕ್ಕಿಸುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು ಕೆಲವು ಕ್ರಿಯಾಪದಗಳಲ್ಲಿ ಬಹುವಚನವನ್ನು ಕೊನೆಯ ವ್ಯಂಜನವೇ ತಿಳಿಸುತ್ತದೆ: ‘ಮುಗಿಸುತ್ತಾನೆ’ ಎಂಬುದಕ್ಕೆ ‘ಫಿನಿ’, ‘ಮುಗಿಸುತ್ತಾರೆ’ ಎಂಬುದಕ್ಕೆ ‘ಫಿನಿಸ್’. ಆದರೆ ‘ಎಂಟ್’ ಕಂಡಲ್ಲೆಲ್ಲ ಮೌನವೆಂದು ಭಾವಿಸಬಾರದು. ‘ಬರುತ್ತಾನೆ’ ಎಂಬ ಏಕವಚನದ ‘ವ್ಯಾಂ’ ರೂಪವೂ ಇವೇ ಅಕ್ಷರಗಳಲ್ಲಿ ಮುಗಿಯುತ್ತದೆ, ಅಲ್ಲಿ ಮೂಗಿನ ಸ್ವರ ಸ್ಪಷ್ಟವಾಗಿ ಕೇಳಿಸಬೇಕು.

ಉಚ್ಚಾರಾಂಶದ ಎಣಿಕೆ ಕಾಗುಣಿತವನ್ನೂ ಬದಲಿಸುತ್ತದೆ. ‘ಕೊಳ್ಳು’ ಎಂಬರ್ಥದ ‘ಅಶ್ತೆ’ಯಲ್ಲಿ ನಡುವಿನ ‘ಇ’ (e) ಅಕ್ಷರ ಸಾಮಾನ್ಯವಾಗಿ ಅಡಗಿರುತ್ತದೆ. ‘ನಾನು ಕೊಳ್ಳುತ್ತೇನೆ’ ಎನ್ನುವಾಗ ಕೊನೆಯ ಸ್ವರ ಮೂಕವಾಗಿ, ಒತ್ತು ಹಿಂದಕ್ಕೆ ಸರಿದು, ಆ ಅಕ್ಷರವೇ ‘ಅ-ಶೆತ್’ ಎಂದು ತೆರೆದ ‘ಎ’ ಆಗಬೇಕಾಗುತ್ತದೆ. ಅದಕ್ಕಾಗಿ ಅದರ ಮೇಲೆ ಓರೆಗೆರೆ ಬರುತ್ತದೆ. ‘ಕರೆ’ ಎಂಬರ್ಥದ ‘ಅಪ್ಲೆ’ಯಲ್ಲಿ ಇದೇ ಕೆಲಸಕ್ಕೆ ‘ಎಲ್’ ದ್ವಿತ್ವವಾಗುತ್ತದೆ. 1990ರ ಕಾಗುಣಿತ ಪರಿಷ್ಕರಣೆ ಇಂಥ ಬಹುತೇಕ ಕ್ರಿಯಾಪದಗಳಿಗೆ ಓರೆಗೆರೆಯನ್ನೇ ಸೂಚಿಸಿತಾದರೂ ‘ಅಪ್ಲೆ’ಯನ್ನು ಹಾಗೆಯೇ ಉಳಿಸಿತು.

‘ಬಸ್ಸು’, ‘ಕಾರು’ ಎಂದು ವ್ಯಂಜನಾಂತ್ಯಕ್ಕೆ ‘ಉ’ ಸೇರಿಸುವ ನಮ್ಮ ನಾಲಿಗೆ ‘ಪಾರ್ಲ್’ ಅನ್ನು ‘ಪಾರ್ಲು’ ಮಾಡದಂತೆ ನೋಡಿಕೊಳ್ಳಬೇಕು. ತುಲೂಸ್, ಮಾರ್ಸೇ ಕಡೆಯ ದಕ್ಷಿಣದವರು ಅಲ್ಲೊಂದು ಮೆಲುವಾದ ಸ್ವರವನ್ನು ನುಡಿಯುವುದುಂಟು, ಹನ್ನೆರಡು ಉಚ್ಚಾರಾಂಶಗಳ ಅಲೆಕ್ಸಾಂದ್ರ್ಯಾಂ ಪದ್ಯದಲ್ಲಿಯೂ ವ್ಯಂಜನದ ಮುಂದೆ ಆ ಸ್ವರ ಲೆಕ್ಕಕ್ಕೆ ಬರುತ್ತದೆ. ಆದರೆ ಅದು ‘ಉ’ ಅಲ್ಲ.