ಸೈಕಲ್ ಬಿಲ್ಲು ಜೀವನಾಂಶವಲ್ಲ

ಕಳೆದ ವರ್ಷ ಒಬ್ಬ ಕಕ್ಷಿದಾರರು ದಪ್ಪ ಫೈಲೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ತೆರೆದರೆ ಬಿಳಿ ಹಾಳೆಗಳ ಮೇಲೆ ಅಂಟಿಸಿದ ಬಿಲ್ಲುಗಳು. ಕಚೇರಿಯಲ್ಲಿ ಪ್ರವಾಸ ಭತ್ಯೆ ಕೇಳುವವರು ಅಂಟಿಸುತ್ತಾರಲ್ಲ, ಹಾಗೆ, ತಾರೀಖಿನ ಪ್ರಕಾರ. ಗೇರ್ ಸೈಕಲ್ 14,500. ಟ್ಯಾಬ್ 22,000. ಯುಗಾದಿಯ ಬಟ್ಟೆ, ಹುಟ್ಟುಹಬ್ಬದ ಕೇಕು, ಮೈಸೂರು ಮೃಗಾಲಯದ ಎರಡು ಟಿಕೆಟ್, ಅದೇ ದಿನ ಮಸಾಲೆ ದೋಸೆ ತಿಂದ ಹೋಟೆಲಿನ ಚೀಟಿ. ಚೀಟಿಯ ಅಕ್ಷರ ಆಗಲೇ ಮಾಸಿದ್ದರಿಂದ ಅದರ ಮೇಲೆ ನೀಲಿ ಪೆನ್ನಿನಲ್ಲಿ ಮತ್ತೆ ಬರೆದಿದ್ದರು.

"ಒಟ್ಟು 1,04,000 ಆಗುತ್ತದೆ ಮೇಡಂ" ಎಂದರು.

ಅವರ ಮಗನಿಗೆ ತಿಂಗಳಿಗೆ 9,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯದ ಆದೇಶವಿತ್ತು. 11 ತಿಂಗಳಿಂದ ತಾಯಿಯ ಖಾತೆಗೆ ಒಂದು ರೂಪಾಯಿಯೂ ಹೋಗಿರಲಿಲ್ಲ. ಬಾಕಿ 99,000. ಅಂದರೆ ತಾವು ಐದು ಸಾವಿರ ಹೆಚ್ಚಿಗೇ ಕೊಟ್ಟಿದ್ದೇವೆ ಎಂಬುದು ಅವರ ಲೆಕ್ಕ. ಹೀಗಿದ್ದೂ ವಾರಂಟ್ ಏಕೆ ಬಂತು ಎಂಬುದು ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯವಿರುವ ನ್ಯಾಯದೇಗುಲ ಕಟ್ಟಡದ ಮೆಟ್ಟಿಲನ್ನು ಇಪ್ಪತ್ತು ವರ್ಷಗಳಿಂದ ಹತ್ತಿಳಿಯುತ್ತಿದ್ದೇನೆ. ಕೊಡಲು ಮನಸ್ಸೇ ಇಲ್ಲದ ಅಪ್ಪಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಅವರನ್ನು ನಿಭಾಯಿಸುವುದು ಸುಲಭ. ನನ್ನ ತಾಳ್ಮೆ ಪರೀಕ್ಷಿಸುವವರು ಈ ಬಿಲ್ಲಿನ ಅಪ್ಪಂದಿರು. ಮಗುವಿನ ಮೇಲೆ ಪ್ರಾಣವಿಟ್ಟುಕೊಂಡವರು, ಸಂಬಳದಲ್ಲಿ ಒಳ್ಳೆಯ ಪಾಲನ್ನೇ ಮಗುವಿಗೆ ಸುರಿಯುವವರು. ಆದರೆ ಅವರದ್ದು ಒಂದೇ ಹಟ: "ಅವಳ ಕೈಗೆ ಏಕೆ ಕೊಡಬೇಕು? ಮಗುವಿಗೆ ಬೇಕಾದ್ದನ್ನು ನಾನೇ ಕೊಡಿಸುತ್ತೇನೆ."

ಕೊಡಿಸಿ, ಬೇಡವೆಂದವರಿಲ್ಲ. ಆದರೆ ಅದು ಜೀವನಾಂಶವಲ್ಲ. ಆದೇಶದಲ್ಲಿ ಮೂರು ಸಂಗತಿ ಬರೆದಿರುತ್ತದೆ: ಎಷ್ಟು, ಯಾವ ತಾರೀಖಿನೊಳಗೆ, ಯಾರ ಖಾತೆಗೆ. ಈ ಮೂರರಲ್ಲಿ ಯಾವುದನ್ನೂ ನೀವಾಗಿ ಬದಲಿಸುವಂತಿಲ್ಲ. ಒಂಬತ್ತು ಸಾವಿರ ಕೊಡಬೇಕಾದವರು ಒಂಬತ್ತು ಸಾವಿರದ ಸೈಕಲ್ ಕೊಡಿಸಿದರೆ ಕಾನೂನಿನ ಕಣ್ಣಿಗೆ ಅದು ಅಪ್ಪ ಕೊಟ್ಟ ಉಡುಗೊರೆ; ಒಂಬತ್ತು ಸಾವಿರದ ಬಾಕಿ ಹಾಗೆಯೇ ನಿಂತಿರುತ್ತದೆ. ಶಾಲೆಗೆ ನೇರವಾಗಿ ಕಟ್ಟಿದ ಶುಲ್ಕವನ್ನು ರಸೀದಿ ನೋಡಿ ಗಣನೆಗೆ ತೆಗೆದುಕೊಂಡ ನ್ಯಾಯಾಧೀಶರಿದ್ದಾರೆ, ತೆಗೆದುಕೊಳ್ಳದವರೂ ಇದ್ದಾರೆ. ಅದನ್ನು ನಂಬಿಕೊಂಡು ಕೂರಬೇಡಿ. ನಗದಾಗಿ ಕೊಟ್ಟೆ ಎನ್ನುವವರ ಪಾಡು ಇನ್ನೂ ಕಷ್ಟ. ಬ್ಯಾಂಕಿನ ಮೂಲಕ, ಯಾವ ತಿಂಗಳ ಜೀವನಾಂಶ ಎಂದು ನಮೂದಿಸಿ ಕಳುಹಿಸಿ. ಇದನ್ನು ನಾನು ವಾರಕ್ಕೆ ಮೂರು ಸಲವಾದರೂ ಹೇಳುತ್ತೇನೆ.

ಕಾನೂನಿಗೆ ಈ ಬಿಗಿ ಏಕೆ ಎಂದು ಕೇಳಿ. ಸೈಕಲ್ ವರ್ಷಕ್ಕೊಮ್ಮೆ ಬರುತ್ತದೆ, ಹಸಿವು ದಿನಕ್ಕೆ ಮೂರು ಸಲ. ಆ ಫೈಲಿನಲ್ಲಿದ್ದ ಬಿಲ್ಲುಗಳನ್ನು ನಾನೇ ಒಂದೊಂದಾಗಿ ತಿರುವಿದೆ. ಅಕ್ಕಿ ಇರಲಿಲ್ಲ, ಗ್ಯಾಸ್ ಸಿಲಿಂಡರ್ ಇರಲಿಲ್ಲ, ಮನೆ ಬಾಡಿಗೆ ಇರಲಿಲ್ಲ, ರಾತ್ರಿ ಜ್ವರ ಬಂದಾಗ ಆಟೋ ಹಿಡಿದು ಆಸ್ಪತ್ರೆಗೆ ಓಡಿದ ಖರ್ಚು ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಅವೆಲ್ಲ ಮಗು ಇರುವ ಮನೆಯಲ್ಲಿ ಆಗುವ ಖರ್ಚುಗಳು. "ನನ್ನ ದುಡ್ಡಿನಲ್ಲಿ ಅವಳು ಬಾಡಿಗೆ ಕಟ್ಟುತ್ತಾಳೆ" ಎಂದು ದೂರುವವರಿಗೆ ನಾನು ಕೇಳುವುದಿಷ್ಟೇ: ಮಗ ಮಲಗುವುದು ಆ ಮನೆಯಲ್ಲಿ ತಾನೆ? ಮಗನ ತಲೆಯ ಮೇಲಿನ ಸೂರನ್ನು ಅಮ್ಮನ ತಲೆಯ ಮೇಲಿನಿಂದ ಕತ್ತರಿಸಿ ತೆಗೆಯಲಾಗುತ್ತದೆಯೇ? ಆಕೆ ಹಣವನ್ನು ಪೋಲು ಮಾಡುತ್ತಿದ್ದಾಳೆ, ಮಗು ಸೊರಗುತ್ತಿದೆ ಎಂದಾದರೆ ಪುರಾವೆಯೊಂದಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಕೊಡುವುದನ್ನು ನಿಲ್ಲಿಸುವುದು ಅದಕ್ಕೆ ಮದ್ದಲ್ಲ.

ತಾಯಂದಿರ ತಪ್ಪನ್ನೂ ಹೇಳಿಬಿಡುತ್ತೇನೆ. 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ತೆರೆದಿಡಬೇಕು ಎಂದಿತು. ಮಗುವಿನ ಖರ್ಚು ಬರೆದುಕೊಂಡು ಬನ್ನಿ ಎಂದರೆ ತಾಯಂದಿರು ತರುವ ಪಟ್ಟಿಯಲ್ಲಿ ಹಾಲು, ಟ್ಯೂಷನ್, ಶಾಲೆಯ ವ್ಯಾನು, ಕೊಬ್ಬರಿ ಎಣ್ಣೆ ಎಲ್ಲವೂ ಇರುತ್ತದೆ. ಬಾಡಿಗೆ, ವಿದ್ಯುತ್ತು, ನೀರು ಇರುವುದಿಲ್ಲ. "ಅದು ನನ್ನ ಖರ್ಚಲ್ಲವೇ?" ಎನ್ನುತ್ತಾರೆ. ಅಪ್ಪ ಅದನ್ನು ಹೆಂಡತಿಯ ಖರ್ಚೆಂದು ವಾದಿಸುತ್ತಾನೆ, ಅಮ್ಮ ವಾದವಿಲ್ಲದೆಯೇ ಒಪ್ಪಿಕೊಂಡಿರುತ್ತಾಳೆ. ಇನ್ನು ತಾಯಿಯೂ ದುಡಿಯುತ್ತಿದ್ದರೆ? ಭಾರ ಅಪ್ಪನೊಬ್ಬನ ಮೇಲೆ ಬೀಳಬೇಕಿಲ್ಲ. ಶಿಕ್ಷಣದ ಖರ್ಚನ್ನು ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಆದರೆ ಅವಳಿಗೂ ಸಂಬಳವಿದೆ ಎಂಬ ಒಂದೇ ಮಾತಿಗೆ ಅಪ್ಪನ ಪಾಲು ಸೊನ್ನೆಯಾಗುವುದಿಲ್ಲ.

ಆ ತೀರ್ಪಿನಲ್ಲಿ ನನ್ನ ಕಕ್ಷಿದಾರರನ್ನು ಬೆಚ್ಚಿಬೀಳಿಸುವ ಇನ್ನೊಂದು ಮಾತಿದೆ: ಜೀವನಾಂಶದ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. "ಇನ್ನೂ ಆದೇಶವೇ ಆಗಿಲ್ಲ" ಎಂದು ನಿಶ್ಚಿಂತೆಯಿಂದ ಇದ್ದವರಿಗೆ 18 ತಿಂಗಳ ಮೇಲೆ ತಿಂಗಳಿಗೆ 12,000ದ ಆದೇಶವಾದರೆ ಅಂದೇ 2,16,000 ಬಾಕಿ.

ಜೈಲಿನ ಕಥೆಯೂ ಹೀಗೆಯೇ. ಜೀವನಾಂಶ ಕೊಡಿಸುವ, ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಸಂಖ್ಯೆ ಬದಲಾಯಿತೇ ಹೊರತು ತಿರುಳು ಅದೇ. ವಾರಂಟ್ ಹೊರಡಿಸಿದರೂ ವಸೂಲಾಗದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಒಬ್ಬ ಮಹಾಶಯರು "ಒಂದು ತಿಂಗಳು ಒಳಗಿದ್ದು ಬರುತ್ತೇನೆ, ಲೆಕ್ಕ ಚುಕ್ತಾ" ಎಂದು ನನ್ನೆದುರೇ ಮೀಸೆ ತಿರುವಿದ್ದರು. ಚುಕ್ತಾ ಆಗುವುದಿಲ್ಲ. ಜೈಲು ಹಣ ಕೊಡಿಸುವ ಉಪಾಯ ಮಾತ್ರ, ಹಣಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿಯೇ, ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ತಾಯಂದಿರೂ ಗಮನಿಸಿ: ಈ ಸೆಕ್ಷನ್ನಿನಡಿ ವಾರಂಟ್ ಕೇಳುವ ಅರ್ಜಿಯನ್ನು ಹಣ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕು. "ಇಂದು ಕೊಟ್ಟಾನು, ನಾಳೆ ಕೊಟ್ಟಾನು" ಎಂದು ಎರಡು ವರ್ಷ ಕಾದು ಬರುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನ್ನಿಸುತ್ತದೆ.

ಭೇಟಿಯ ಹಕ್ಕು ಬೇರೆ, ಜೀವನಾಂಶ ಬೇರೆ. ಮಗುವನ್ನು ತೋರಿಸಲಿಲ್ಲವೆಂದು ಹಣ ನಿಲ್ಲಿಸುವಂತಿಲ್ಲ, ಹಣ ಬರಲಿಲ್ಲವೆಂದು ಮಗುವನ್ನು ಬಚ್ಚಿಡುವಂತಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ "ಮಗುವಿಗೂ ಏನೂ ಬೇಡ" ಎಂದು ತಾಯಿ ಸಹಿ ಹಾಕಿದರೂ ಮಗುವಿನ ಹಕ್ಕು ಮುಗಿಯುವುದಿಲ್ಲ. ಅದು ಬಿಟ್ಟುಕೊಡಲು ಆಕೆಯದಲ್ಲ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂಬ ಗಾದೆಯನ್ನು ನನ್ನೆದುರು ಹೇಳಿ ನಿಟ್ಟುಸಿರು ಬಿಡದ ಅಜ್ಜನಿಲ್ಲ. ಎಷ್ಟೋ ಸಲ ಮಗನಿಗೆ "ಒಂದು ಕಾಸೂ ಕೊಡಬೇಡ, ನೋಡೋಣ" ಎಂದು ಮನೆಯಲ್ಲಿ ಹೇಳಿಕೊಟ್ಟವರೂ ಅವರೇ ಆಗಿರುತ್ತಾರೆ.

ಬಿಲ್ಲಿನ ಅಪ್ಪನ ವಿಚಾರಕ್ಕೆ ಮರಳುತ್ತೇನೆ. ಆದೇಶ ಒಗ್ಗದಿದ್ದರೆ ಬದಲಿಸಿಕೊಳ್ಳಲು ದಾರಿಯಿದೆ: ಕೆಲಸ ಹೋಯಿತು, ಸಂಬಳ ಕಡಿಮೆಯಾಯಿತು, ಮಗುವಿನ ಖರ್ಚು ಹೆಚ್ಚಾಯಿತು ಎಂದು ಇಬ್ಬರಲ್ಲಿ ಯಾರಾದರೂ ಅರ್ಜಿ ಹಾಕಬಹುದು. ನಾವು ತಾಯಿಯ ಕಡೆಯ ವಕೀಲರೊಂದಿಗೆ ಕುಳಿತು ಇಬ್ಬರೂ ಒಪ್ಪಿದ ಷರತ್ತುಗಳ ಜಂಟಿ ಮೆಮೊ ಸಿದ್ಧಪಡಿಸಿದೆವು. ಶಾಲಾ ಶುಲ್ಕವನ್ನು ಅಪ್ಪ ನೇರವಾಗಿ ಶಾಲೆಗೆ ಕಟ್ಟುವುದು. ಪ್ರತಿ ತಿಂಗಳು 5ನೇ ತಾರೀಖಿನೊಳಗೆ 6,500 ತಾಯಿಯ ಖಾತೆಗೆ. ಹಳೆಯ ಬಾಕಿ ನಾಲ್ಕು ಕಂತಿನಲ್ಲಿ. ನ್ಯಾಯಾಲಯ ಒಪ್ಪಿ ಆದೇಶದಲ್ಲಿ ಸೇರಿಸಿತು. ಎಲ್ಲ ಪ್ರಕರಣಗಳಲ್ಲೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೆಮೊಗೆ ಸಹಿ ಹಾಕುವಾಗ ತಾಯಿ ಒಂದೇ ಮಾತು ಕೇಳಿದರು: "ಸೈಕಲ್ಲಿನ ಹಿಂದಿನ ಟೈರು ಹೋಗಿದೆ, ಅದು ಯಾರ ಲೆಕ್ಕಕ್ಕೆ?" ಅಪ್ಪ ತಲೆಯೆತ್ತದೆ, ತನ್ನದು ಎಂದರು.

ಹೊರಗೆ ಬಂದ ಮೇಲೆ ಅವರು ಮೆಲ್ಲಗೆ ಕೇಳಿದರು, "ಇನ್ನು ಮುಂದೆ ಮಗನಿಗೆ ಏನನ್ನೂ ಕೊಡಿಸಬಾರದೇ ಮೇಡಂ?"

"ಧಾರಾಳವಾಗಿ ಕೊಡಿಸಿ. ಬಿಲ್ಲು ಮಾತ್ರ ನನಗೆ ತರಬೇಡಿ" ಎಂದೆ.

ಹತ್ತು ದಿನಕ್ಕೆ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಟೈರು, ಟ್ಯೂಬು, ಕೂಲಿ ಸೇರಿ 780 ರೂಪಾಯಿ.