ಅಪೋಫಿಸ್: 37ರಲ್ಲಿ 1 ಎಂಬ ಲೆಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು

“ಸರ್ರ, 2029ಕ್ಕ ಆ ಕಲ್ಲು ಖರೇನೇ ಬಂದು ಬೀಳ್ತದೇನ್ರಿ?”

ಕಲಬುರಗಿ ಸುತ್ತಲಿನ ಶಾಲೆಗಳಲ್ಲಿ ದೂರದರ್ಶಕ ಇಟ್ಟು ಚಂದ್ರನನ್ನು ತೋರಿಸುವಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. 2025ರಿಂದೀಚೆಗೆ ಅದರ ಬೆನ್ನಿಗೇ ಇನ್ನೊಂದು: “2032 ಅಂತಾರಲ್ರಿ?” ಕಲ್ಲುಗಳು ಎರಡು, ಲೆಕ್ಕಗಳೂ ಎರಡು. 2029ರದ್ದು ಅಪೋಫಿಸ್ ಎಂಬ ಕ್ಷುದ್ರಗ್ರಹ, ಅಂದರೆ ಸೂರ್ಯನನ್ನು ಸುತ್ತುವ ಬಂಡೆ; 2032ರದ್ದು ಬೇರೆಯದೇ ಕಲ್ಲು. ಮೊಬೈಲಿನಿಂದ ಮೊಬೈಲಿಗೆ ಹಾಯುತ್ತ ಎರಡೂ ಒಂದೇ ಪ್ರಳಯದ ಕಥೆಯಾಗಿವೆ. ಈ ಗಂಟು ಬಿಚ್ಚಲು 2004ಕ್ಕೆ ಹೋಗಬೇಕು.

  

2004ರ ಜೂನ್ 19ರಂದು ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದಲ್ಲಿ ರಾಯ್ ಟಕರ್, ಡೇವಿಡ್ ತೋಲೆನ್ ಮತ್ತು ಫ್ಯಾಬ್ರಿಜಿಯೊ ಬರ್ನಾರ್ಡಿ ಒಂದು ಮಸುಕು ಚುಕ್ಕೆಯನ್ನು ಗುರುತಿಸಿದರು. ಎರಡು ರಾತ್ರಿ ಕಂಡಿತು, ಆಮೇಲೆ ಇಲ್ಲ. ಡಿಸೆಂಬರ್ 18ರಂದು ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಿಂದ ಮತ್ತೆ ಸಿಕ್ಕಿತು. ಗಲಿಬಿಲಿ ಶುರುವಾದದ್ದು ಆಗ.

ಶಹಾಬಾದಿ ಫರ್ಸಿ ಹಾಸುವ ಗೌಂಡಿ ಎರಡು ಮೊಳೆ ಹೊಡೆದು ದಾರ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಮೊಳೆಗಳ ನಡುವೆ ಒಂದೇ ಗೇಣು ಇದ್ದರೆ, ಅದೇ ನೇರ ಹಿಡಿದು ಪಡಸಾಲೆಯ ಆ ತುದಿ ಮುಟ್ಟುವಷ್ಟರಲ್ಲಿ ಸಾಲು ಎಲ್ಲೋ ಸರಿದಿರುತ್ತದೆ. ಕಕ್ಷೆಯ ಲೆಕ್ಕವೂ ಹಾಗೆಯೇ. ಕೈಯಲ್ಲಿದ್ದದ್ದು ಜೂನ್ ಮತ್ತು ಡಿಸೆಂಬರಿನ ಮೊಳೆಗಳು. ದಾರ ಮುಟ್ಟಬೇಕಿದ್ದದ್ದು 2029ರ ಏಪ್ರಿಲ್ 13. ಅಷ್ಟು ದೂರಕ್ಕೆ ಹೋದಾಗ ಕಲ್ಲು ಎಲ್ಲಿ ಹಾಯುತ್ತದೆ ಎಂಬುದಕ್ಕೆ ಒಂದು ಬಿಂದು ಸಿಗುವುದಿಲ್ಲ, ಅಗಲವಾದ ಅನುಮಾನದ ಪಟ್ಟೆ ಸಿಗುತ್ತದೆ. ಪಟ್ಟೆ 300 ಫರ್ಸಿ ಅಗಲವಿದ್ದು ಭೂಮಿ ಅದರಲ್ಲೊಂದು ಎನ್ನಿ: 300ರಲ್ಲಿ 1. ಡಿಸೆಂಬರ್ 23ರ ಲೆಕ್ಕ ಅಷ್ಟಿತ್ತು. ಹೊಸ ವೀಕ್ಷಣೆಗಳು ಬಂದಂತೆ ಪಟ್ಟೆ ಕಿರಿದಾಯಿತು, ಭೂಮಿ ಮಾತ್ರ ಅದರೊಳಗೇ ಉಳಿಯಿತು. 24ಕ್ಕೆ 60ರಲ್ಲಿ 1, 27ಕ್ಕೆ 37ರಲ್ಲಿ 1, ಅಂದರೆ ಶೇ 2.7. ಅಪಾಯವನ್ನು 0ರಿಂದ 10ರವರೆಗೆ ಅಳೆಯುವ ಟೊರಿನೊ ಮಾಪಕದಲ್ಲಿ 4. ಆ ಮಾಪಕದಲ್ಲಿ ಬೇರೆ ಯಾವ ಕಲ್ಲೂ 4ಕ್ಕೆ ಏರಿಲ್ಲ. ಡಿಕ್ಕಿಯ ಲೆಕ್ಕ ಏರಿದ್ದು ತಿಳಿವಳಿಕೆ ಹೆಚ್ಚುತ್ತಿದ್ದದ್ದರಿಂದ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅದೇ 27ರಂದು, ಮಾರ್ಚ್ 15ರಂದು ತೆಗೆದಿದ್ದ ಸ್ಪೇಸ್‌ವಾಚ್ ಎಂಬ ಆಕಾಶ ಶೋಧ ತಂಡದ ಹಳೆಯ ಚಿತ್ರಗಳಲ್ಲಿ ಆ ಚುಕ್ಕೆ ಸಿಕ್ಕಿತು. ಮೂರು ತಿಂಗಳು ಹಿಂದಿನ ಮೊಳೆ! ಪಟ್ಟೆ ಮತ್ತೆ ಕುಗ್ಗಿತು, ಭೂಮಿ ಹೊರಗುಳಿಯಿತು. 2029ರ ಡಿಕ್ಕಿಯ ಮಾತು ಅಲ್ಲಿಗೇ ಮುಗಿದಿತ್ತು. ಆದರೆ ಹಿಂದಿನ ದಿನವಷ್ಟೇ ಸುನಾಮಿ ಅಪ್ಪಳಿಸಿತ್ತು. ಆ ದುಃಖದ ನಡುವೆ ಈ ನೆಮ್ಮದಿಯ ಸುದ್ದಿ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಮರುವರ್ಷ ಆ ಕಲ್ಲಿಗೆ ಈಜಿಪ್ಟಿನ ಕತ್ತಲೆಯ ಸರ್ಪದೇವತೆ ಅಪೋಫಿಸ್‌ನ ಹೆಸರಿಟ್ಟಾಗ ಹೆದರಿಕೆಗೆ ಇನ್ನೊಂದು ಊರುಗೋಲು ಸಿಕ್ಕಂತಾಯಿತು.

2029 ದಾಟಿದರೂ 2036ರಲ್ಲಿ ಬಂದು ಬಡಿಯಬಹುದು ಎಂಬ ಭಯ 2013ರ ಹೊತ್ತಿಗೆ ತೀರಿತು. ಉಳಿದದ್ದು 2068. ಅದಕ್ಕೆ ಕಾರಣ ಯಾರ್ಕೋವ್‌ಸ್ಕಿ ಪರಿಣಾಮ. ಹೆಸರು ಕಠಿಣ, ಸಂಗತಿ ನಮಗೆ ಗೊತ್ತಿರುವುದೇ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಮಾಳಿಗೆ ಬಿಸಿ ಉಗುಳುತ್ತಲೇ ಇರುತ್ತದಲ್ಲ, ಬಾಹ್ಯಾಕಾಶದ ಬಂಡೆಯೂ ಬಿಸಿಲು ಹೀರಿ ತಡವಾಗಿ ಕಾವು ಬಿಡುತ್ತದೆ. ಆ ಕಾವೇ ಅದನ್ನು ಮೆಲ್ಲಗೆ ನೂಕುತ್ತದೆ. ಅಪೋಫಿಸ್ ಹೀಗೆ ವರ್ಷಕ್ಕೆ ಸುಮಾರು 170 ಮೀಟರ್ ಸರಿಯುತ್ತದೆ ಎಂದು 2020ರಲ್ಲಿ ಗೊತ್ತಾಯಿತು. 2021ರ ಮಾರ್ಚ್‌ನಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್ ರೇಡಾರ್ ಅದರ ದೂರವನ್ನು ಕರಾರುವಾಕ್ಕಾಗಿ ಅಳೆದ ಮೇಲೆ 2068ರ ಅನುಮಾನವೂ ಹೋಯಿತು. ಇನ್ನು ಕನಿಷ್ಠ 100 ವರ್ಷ ಅದರಿಂದ ಭಯವಿಲ್ಲ ಎಂದು ನಾಸಾ ಸಾರಿತು.

2032ರ ಕಲ್ಲು 2024 ವೈಆರ್4. ಚಿಲಿಯ ಅಟ್ಲಾಸ್ ದೂರದರ್ಶಕಕ್ಕೆ ಅದು ಕಂಡದ್ದು 2024ರ ಡಿಸೆಂಬರ್ 27ರಂದು, ಅಪೋಫಿಸ್ ಲೆಕ್ಕ ಶಿಖರ ಮುಟ್ಟಿದ ದಿನಕ್ಕೆ ಸರಿಯಾಗಿ 20 ವರ್ಷ ತುಂಬಿದಾಗ. ಅದು ಬೀಳಬಹುದಾದ ಜಾಗಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇತ್ತು, ಹಾಗಾಗಿ ನಮ್ಮಲ್ಲಿ ಗದ್ದಲ ಜೋರಾಯಿತು. 2025ರ ಫೆಬ್ರವರಿ 18ಕ್ಕೆ ಶೇ 3.1ಕ್ಕೆ ಏರಿದ ಸಂಖ್ಯೆ, ತಿಂಗಳು ಮುಗಿಯುವುದರೊಳಗೆ ಭೂಮಿಯ ಮಟ್ಟಿಗೆ ನೆಲಕಚ್ಚಿತು. ಅದೇ ದಾರ, ಅದೇ ಮೊಳೆಗಳ ಕಥೆ. ಏರಿದ್ದು ಎಲ್ಲರಿಗೂ ಗೊತ್ತು. ಇಳಿದದ್ದನ್ನು ಕೇಳಿದವರು ನನ್ನೆದುರಿನ ಮಕ್ಕಳಲ್ಲಿ ಬೆರಳೆಣಿಕೆ.

2029ರಲ್ಲಿ ಆಗುವುದು ಇಷ್ಟು. ಸುಮಾರು 350 ಮೀಟರಿನ ಬಂಡೆ ನೆಲದಿಂದ 32,000 ಕಿ.ಮೀ. ಎತ್ತರದಲ್ಲಿ, ನಮ್ಮ ಟಿವಿ ಉಪಗ್ರಹಗಳಿಗಿಂತ ಕೆಳಗೆ, ಹಾದುಹೋಗುತ್ತದೆ. ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದವರಿಗೆ ಬರಿಗಣ್ಣಿಗೇ ಕಾಣುತ್ತದೆ. ಭೂಮಿಯ ಸೆಳೆತಕ್ಕೆ ಅದರ ಕಕ್ಷೆ ಹಿಗ್ಗಿ, ಈಗ ಸುಮಾರು 324 ದಿನಗಳಿರುವ ಅದರ ವರ್ಷ 420 ದಿನ ದಾಟುತ್ತದೆ. ನಾಸಾದ ಒಸೈರಿಸ್-ಏಪೆಕ್ಸ್ ನೌಕೆ ಅದರ ಬೆನ್ನು ಹತ್ತಲಿದೆ.

ತೀರಾ ಹತ್ತಿರ ಬರುವ ಗಳಿಗೆ ನಮ್ಮ ಗಡಿಯಾರದಲ್ಲಿ ಏಪ್ರಿಲ್ 14ರ ನಸುಕಿನ 3.16. ಅವತ್ತು ಅಂಬೇಡ್ಕರ್ ಜಯಂತಿ. ಜಗತ್ ವೃತ್ತದಲ್ಲಿ ಜನ ಎದ್ದೇ ಇರುತ್ತಾರೆ. ಅಲ್ಲೊಂದು ದೊಡ್ಡ ಪರದೆ ಕಟ್ಟಿ, ದೂರದ ದೂರದರ್ಶಕಗಳು ಕಳಿಸುವ ಚಿತ್ರಗಳನ್ನು ತೋರಿಸುವ ತಯಾರಿ ಈಗಲೇ ಶುರುವಾಗಲಿ.