ಕಮಾನ್ ಪಟ್ಟಿ ಕಿತ್ತೆಸೆಯುವ ಮುನ್ನ

ಕಳೆದ ಚಳಿಗಾಲದಲ್ಲಿ ಪರಿಚಯದವರೊಬ್ಬರು ತಮ್ಮ 1969ರ ಷೆವ್ರೊಲೆ ಕ್ಯಾಮರೋ ಕಾರನ್ನು ಟ್ರೇಲರ್ ಮೇಲೆ ಹೇರಿಕೊಂಡು ನಮ್ಮ ಗ್ಯಾರೇಜಿಗೆ ಬಂದರು. ಹಾಸನದ ಕಡೆಯವರು, ಡೆಟ್ರಾಯಿಟ್ ಹತ್ತಿರ ನೆಲೆಸಿ ಇಪ್ಪತ್ತು ವರ್ಷವಾಯಿತು. ಕೈಯಲ್ಲಿ ಫೋರ್-ಲಿಂಕ್ ಕಿಟ್ಟಿನ, ಅಂದರೆ ಹಿಂದಿನ ಆಕ್ಸಲನ್ನು ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಬದಲು ನಾಲ್ಕು ತೋಳುಗಳಿಂದ ಹಿಡಿಯುವ ಜೋಡಣೆಯ, ಕ್ಯಾಟಲಾಗು.

"ಈ ಲಾರಿ ಪಟ್ಟಿ ಕಿತ್ತಾಕಿ ಇದನ್ನ ಕೂರಿಸಿಬಿಡಿ ಸಾರ್. ಬರೋ ಸೀಸನ್ನಿಗೆ ಆಟೋಕ್ರಾಸ್ ಓಡಿಸಬೇಕು."

"ಡಿಫರೆನ್ಷಿಯಲ್ ಯಾವುದಿದೆ?"

"ಹಳೇದೇ, ಓಪನ್ನು."

"ಟೈರು?"

"ಕಾರು ತಗೊಂಡಾಗ ಇದ್ದವೇ."

ಕ್ಯಾಟಲಾಗು ಮಡಚಿ ಪಕ್ಕಕ್ಕಿಟ್ಟೆ.

ಆಟೋಕ್ರಾಸ್ ಅಂದರೆ ಊರ ಕಡೆಯವರಿಗೆ ಮಣ್ಣು ಹಾರಿಸುವ ಟ್ರ್ಯಾಕ್ ಕಣ್ಣಿಗೆ ಬರುತ್ತದೆ. ಅಮೆರಿಕದ ಆಟೋಕ್ರಾಸ್ ಬೇರೆ. ಖಾಲಿ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನೆಲೆಯ ಕಾಂಕ್ರೀಟಿನ ಮೇಲೋ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ದಾರಿ ಮಾಡುತ್ತಾರೆ. ಗಡಿಯಾರದ ಎದುರು ಒಂಟಿಯಾಗಿ ಓಡಿಸಬೇಕು. ಒಂದು ಸುತ್ತು ಸುಮಾರು ಒಂದು ನಿಮಿಷ, ಬಹುಪಾಲು ಎರಡನೇ ಗೇರಿನಲ್ಲೇ ಮುಗಿಯುತ್ತದೆ. ಕೋನ್ ಒಂದಕ್ಕೆ ತಗುಲಿದರೆ 2 ಸೆಕೆಂಡ್ ದಂಡ. ಇಲ್ಲಿನ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಸಂಸ್ಥೆ ಮಸಲ್ ಕಾರುಗಳಿಗೆ, ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರುಗಳಿಗೆ, 'ಕ್ಲಾಸಿಕ್ ಅಮೆರಿಕನ್ ಮಸಲ್' ಎಂಬ ವರ್ಗ ಮಾಡಿದೆ; ಹಳೆಯವೂ ಅದರಲ್ಲಿ ಓಡುತ್ತವೆ. ಅದರಲ್ಲಿ ಟೈರಿನ ಟ್ರೆಡ್‌ವೇರ್ ಸಂಖ್ಯೆ, ಅಂದರೆ ಸವೆತ ತಾಳುವ ಅಂಕಿ, ಕನಿಷ್ಠ 200 ಇರಬೇಕು; ಅಂಕಿ ಕಡಿಮೆಯಾದಷ್ಟೂ ಟೈರು ಮೆತ್ತಗೆ, ಹಿಡಿತ ಹೆಚ್ಚು. ಅಂದರೆ ಪೂರ್ತಿ ರೇಸ್ ಟೈರು ನಡೆಯುವುದಿಲ್ಲ, ಇರುವ ಹಿಡಿತವನ್ನೇ ಕಾಪಾಡಿಕೊಂಡು ಓಡಿಸಬೇಕು.

ಆ ಒಂದು ನಿಮಿಷದಲ್ಲಿ ಹಿಂದಿನ ಆಕ್ಸಲ್ ಮೂರು ಕೆಲಸ ಮಾಡಬೇಕು. ಸ್ಲಾಲಮ್‌ನಲ್ಲಿ, ಅಂದರೆ ಸಾಲು ಕೋನ್‌ಗಳ ನಡುವೆ ಹಾವಿನಂತೆ ಸಾಗುವಲ್ಲಿ, ಕಾರು ಎಡಬಲ ಹೊರಳುವಾಗ ಬಾಡಿಯ ಅಡಿಯಲ್ಲಿ ಪಕ್ಕಕ್ಕೆ ಸರಿಯಬಾರದು. ನಿಧಾನದ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದಾಗ ಎರಡೂ ಚಕ್ರಗಳು ನೆಲ ಕಚ್ಚಿರಬೇಕು. ಜೋರು ಬ್ರೇಕ್ ಹಾಕಿದಾಗ ಕುಪ್ಪಳಿಸಬಾರದು. ಡ್ರ್ಯಾಗ್ ರೇಸಿನವರಿಗೆ ಎರಡನೆಯದೊಂದೇ ಮುಖ್ಯ, ಅದೂ ನೇರ ಗೆರೆಯಲ್ಲಿ. ಮಾರುಕಟ್ಟೆಯ ಅರ್ಧ ಕಿಟ್‌ಗಳು ಅವರಿಗೆಂದೇ ತಯಾರಾದವು. ಹೊಳೆಯುವ ಪೈಪು ನೋಡಿ ಮರುಳಾಗುವವರು ಇದನ್ನು ಕೇಳುವುದೇ ಇಲ್ಲ.

ಕಮಾನ್ ಪಟ್ಟಿಗೆ ಇಷ್ಟೊಂದು ಕೆಟ್ಟ ಹೆಸರು ಯಾಕೆ ಬಂತೋ. ನಮ್ಮ ಅಂಬಾಸಿಡರಿನ ಹಿಂದೆ ಇದ್ದದ್ದೂ ಅದೇ, ಲಾರಿಗಳಲ್ಲಿ ಇಂದಿಗೂ ಇರುವುದು ಅದೇ. 1968 ಮತ್ತು 1969ರಲ್ಲಿ ರೇಸ್ ಚಾಲಕ ಮಾರ್ಕ್ ಡಾನಹ್ಯೂ ಅಮೆರಿಕದ ಟ್ರಾನ್ಸ್-ಆಮ್ ಸರಣಿಯ ರೇಸುಗಳನ್ನು ಗೆದ್ದ ಕ್ಯಾಮರೋಗಳ ಹಿಂದೆಯೂ ಪಟ್ಟಿ ಸ್ಪ್ರಿಂಗೇ ಇತ್ತು. ಅದರ ದೊಡ್ಡ ಗುಣ, ಸ್ಪ್ರಿಂಗೂ ಅದೇ, ಆಕ್ಸಲನ್ನು ಹಿಡಿಯುವ ತೋಳೂ ಅದೇ. ದೋಷವೂ ಅದರಲ್ಲೇ ಇದೆ. ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ಹೌಸಿಂಗ್ (ಆಕ್ಸಲ್ಲಿನ ಉಕ್ಕಿನ ಕವಚ) ಹಿಂದಕ್ಕೆ ತಿರುಚಿಕೊಂಡು ಪಟ್ಟಿಯನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ. ಪಟ್ಟಿ ವಾಪಸ್ ಚಿಮ್ಮಿದಾಗ ಚಕ್ರ ಕುಪ್ಪಳಿಸುತ್ತದೆ. 1967ರ ಕ್ಯಾಮರೋದಲ್ಲಿ ಒಂದೊಂದು ಕಡೆ ಒಂದೇ ಎಲೆ ಇತ್ತು, ಈ ಕಾಟ ಅದರಲ್ಲಿ ಜೋರಾಗಿತ್ತು. 1968ರಲ್ಲಿ ಷೆವ್ರೊಲೆ ಒಂದು ಶಾಕಪ್ಸರನ್ನು ಆಕ್ಸಲ್ಲಿನ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿತು. ಶಕ್ತಿಯ ಎಂಜಿನ್ನಿರುವ ಮಾದರಿಗಳಿಗೆ ಹಲವು ಎಲೆಗಳ ಪಟ್ಟಿಯನ್ನೂ ಕೊಟ್ಟಿತು.

ಇನ್ನೊಂದು ಸೂಕ್ಷ್ಮವಿದೆ. ಪಟ್ಟಿಯ ಮುಂದಿನ ಕಣ್ಣು, ಅಂದರೆ ಬಾಡಿಗೆ ಬೋಲ್ಟ್ ಹಾಕುವ ಸುರುಳಿ, ಆಕ್ಸಲ್ಲಿಗಿಂತ ಕೆಳಗಿದ್ದರೆ, ಕಾರು ವಾಲಿದಾಗ ಹೊರಗಿನ ಚಕ್ರ ಕೊಂಚ ಮುಂದಕ್ಕೆ, ಒಳಗಿನದು ಹಿಂದಕ್ಕೆ ಸರಿದು ಕಾರು ನೆಟ್ಟಗೆ ನಿಲ್ಲಲು ನೋಡುತ್ತದೆ. ಕಣ್ಣು ಮೇಲಿದ್ದರೆ ತದ್ವಿರುದ್ಧ, ಹಿಂಭಾಗ ತಾನೇ ಹೊರಗೆ ಜಾರಲು ಹವಣಿಸುತ್ತದೆ. ಎಪ್ಪತ್ತರ ದಶಕದಲ್ಲಿ ಉದ್ದ ಶ್ಯಾಕಲ್ (ಪಟ್ಟಿಯ ಹಿಂತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ) ಹಾಕಿ ಕಾರಿನ ಹಿಂಭಾಗ ಎತ್ತಿ ನಿಲ್ಲಿಸುವ ಶೋಕಿ ಇತ್ತಲ್ಲ, ಅಂಥ ಕಾರುಗಳು ಇವತ್ತಿಗೂ ನನ್ನ ಬಳಿ ಬರುತ್ತವೆ. "ಹಿಂದೆ ಕೈ ಕೊಡುತ್ತೆ" ಅಂತ ಮಾಲೀಕರ ದೂರು. ಮೊದಲ ಚಿಕಿತ್ಸೆ ಆ ಶ್ಯಾಕಲ್ ತೆಗೆಯುವುದೇ.

ಈಗ ನನ್ನದೇ ಒಂದು ಪೆದ್ದುತನ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು 1970ರ ಷೆವೆಲ್ ಕಾರಿಗೆ ಕೈ ಹಾಕಿದ್ದೆ. ಅದರಲ್ಲಿ ಪಟ್ಟಿ ಇಲ್ಲ. ಕಾಯಿಲ್ ಸ್ಪ್ರಿಂಗು, ನಾಲ್ಕು ತೋಳು. ಮೇಲಿನ ಎರಡು ತೋಳು ಓರೆಯಾಗಿ ಡಿಫರೆನ್ಷಿಯಲ್ ಕಡೆಗೆ ಕೂಡುವುದರಿಂದ ಪಕ್ಕಕ್ಕೆ ಹಿಡಿಯಲು ಬೇರೆ ಸರಳು ಬೇಡ. ಆದರೆ ಕಾರು ವಾಲುವಾಗ ಆ ಓರೆ ತೋಳುಗಳು ತಿರುಚಿಕೊಳ್ಳಲೇಬೇಕು, ಕಂಪನಿಯ ಮೆತ್ತನೆ ರಬ್ಬರ್ ಬುಷ್ ಇದ್ದದ್ದೇ ಅದಕ್ಕೆ. ನಾನು ಜಾಣನಂತೆ ಎಂಟೂ ಕಡೆ ಗಟ್ಟಿ ಪಾಲಿಯುರೆಥೇನ್ ಬುಷ್ ತುರುಕಿದೆ. ಕೈಯಲ್ಲಿ ಅಲ್ಲಾಡಿಸಿದರೆ ಕಲ್ಲಿನ ಹಾಗಿತ್ತು, ಬೀಗಿದೆ. ಮೊದಲ ಓಟದಲ್ಲಿ ಅರ್ಧ ತಿರುವಿನವರೆಗೆ ಕಾರು ಸೊಗಸಾಗಿ ಹೋಯಿತು, ಆಮೇಲೆ ಹೇಳದೆ ಕೇಳದೆ ಗಿರ್ರನೆ ತಿರುಗಿ ಹಿಂದು ಮುಂದಾಗಿ ನಿಂತಿತು. ಮೂರು ಕೋನ್ ಬಂಪರಿನಡಿ ಸಿಕ್ಕಿದ್ದವು. ತಿರುಚಲು ಜಾಗವಿಲ್ಲದೆ ತೋಳುಗಳೆಲ್ಲ ಬಿಗಿದುಕೊಂಡು ಇಡೀ ಹಿಂಭಾಗವೇ ಒಂದು ದಪ್ಪ ಆ್ಯಂಟಿ-ರೋಲ್ ಬಾರ್ (ಕಾರು ವಾಲದಂತೆ ತಡೆಯುವ ಸರಳು) ಆಗಿಬಿಟ್ಟಿತ್ತು. ಮೇಲಿನ ತೋಳುಗಳಿಗೆ ಎಲ್ಲ ದಿಕ್ಕಿಗೂ ತಿರುಗುವ ಗೋಲಿ ಜಾಯಿಂಟ್ ಹಾಕಿದ ಮೇಲೆ ಅದೇ ಕಾರು ಹಸುವಿನಂತೆ ಆಯಿತು.

ಅಲ್ಲಿಂದ ಈಚೆಗೆ ಯಾವ ಕಿಟ್ ಬಂದರೂ ನಾನು ನೋಡುವುದು ಇದನ್ನೇ: ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಆಕ್ಸಲ್ ಸಲೀಸಾಗಿ ಚಲಿಸುತ್ತದೆಯೋ, ಬಿಗಿಯುತ್ತದೆಯೋ? ಹಾಸನದವರು ತಂದ ಕ್ಯಾಟಲಾಗಿನಲ್ಲಿದ್ದದ್ದು ಡ್ರ್ಯಾಗ್ ಶೈಲಿಯ ಫೋರ್-ಲಿಂಕ್. ಒಂದೊಂದು ಕಡೆ ಮೇಲೊಂದು ಕೆಳಗೊಂದು ತೋಳು. ಅವು ಒಂದಕ್ಕೊಂದು ಸಮಾಂತರವಿಲ್ಲದಿದ್ದರೆ ಕಾರು ವಾಲಿದಾಗ ಹೌಸಿಂಗಿನ ಎಡತುದಿಯನ್ನು ಒಂದು ಕಡೆಗೆ, ಬಲತುದಿಯನ್ನು ಇನ್ನೊಂದು ಕಡೆಗೆ ತಿರುಚಲು ಹೊರಡುತ್ತವೆ. ಉಕ್ಕಿನ ಹೌಸಿಂಗ್ ಅದಕ್ಕೆ ಒಪ್ಪುವುದಿಲ್ಲ.

ಪಟ್ಟಿ ಉಳಿಸಿಕೊಂಡವರು ಸೇರಿಸಬೇಕಾದ್ದು ಪಕ್ಕಕ್ಕೆ ಹಿಡಿಯುವ ಸರಳು. ಪನ್ಹಾರ್ಡ್ ಬಾರ್ ಒಂದು ತುದಿ ಆಕ್ಸಲ್ಲಿಗೆ, ಇನ್ನೊಂದು ತುದಿ ಬಾಡಿಗೆ ಕೂರುತ್ತದೆ. ಅದು ಕಮಾನಿನ ದಾರಿಯಲ್ಲಿ ಚಲಿಸುವುದರಿಂದ ಆಕ್ಸಲ್ಲನ್ನು ಪಕ್ಕಕ್ಕೆ ಎಳೆಯುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ: ಮಟ್ಟವಾಗಿ ಕೂರಿಸಿದ 90 ಸೆಂಟಿಮೀಟರ್ ಉದ್ದದ ಸರಳು 5 ಸೆಂಟಿಮೀಟರ್ ಮೇಲೆ ಹೋದರೆ ಪಕ್ಕಕ್ಕೆ ಸರಿಯುವುದು ಸುಮಾರು 1.4 ಮಿಲಿಮೀಟರ್. ಹಳೆಯ ರಬ್ಬರ್ ಬುಷ್ ಅದಕ್ಕಿಂತ ಹೆಚ್ಚು ಅಲ್ಲಾಡುತ್ತದೆ. ನಿಜವಾದ ತೊಡಕು ಸರಳಿನ ಎತ್ತರದ್ದು. ಪಟ್ಟಿಗೆ ತನ್ನದೇ ಒಂದು ರೋಲ್ ಸೆಂಟರ್, ಅಂದರೆ ಬಾಡಿ ವಾಲುವಾಗ ತಿರುಗುವ ಬಿಂದು, ಇರುತ್ತದೆ. ಸರಳನ್ನು ಅದಕ್ಕಿಂತ ತೀರಾ ಮೇಲೋ ಕೆಳಗೋ ಕೂರಿಸಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಮತ್ತೆ ಅದೇ ಬಿಗಿತ.

ಒಂದು ಸರಳಿನ ಬದಲು, ನಡುವೆ ತಿರುಗುವ ತುಂಡಿಗೆ ಎರಡು ಸರಳು ಜೋಡಿಸಿದರೆ ಅದು ವಾಟ್ಸ್ ಲಿಂಕ್. ಅದರಲ್ಲಿ ಪಕ್ಕಕ್ಕೆ ಸರಿಯುವಿಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಡತಿರುವಿಗೂ ಬಲತಿರುವಿಗೂ ಒಂದೇ ನಡತೆ. ಉಗಿ ಎಂಜಿನ್ನಿನ ಜೇಮ್ಸ್ ವಾಟ್ 1784ರಲ್ಲಿ ಪೇಟೆಂಟ್ ಪಡೆದ ಜೋಡಣೆಯಿಂದ ಹುಟ್ಟಿದ್ದು ಇದು. ಆದರೆ ಭಾಗ ಹೆಚ್ಚು, ತೂಕ ಹೆಚ್ಚು, ಎಕ್ಸಾಸ್ಟ್ ಪೈಪಿಗೆ ಜಾಗ ಹುಡುಕುವುದು ಕಷ್ಟ. ದುಡ್ಡಿದ್ದವರು ಹಾಕಿಸಿಕೊಳ್ಳಲಿ, ನಾನು ಒತ್ತಾಯ ಮಾಡುವುದಿಲ್ಲ.

ಪಟ್ಟಿ ತೆಗೆಯಲೇಬೇಕೆಂಬ ಹಟವಿದ್ದರೆ ನನ್ನ ಓಟು ತ್ರೀ-ಲಿಂಕ್‌ಗೆ. ಕೆಳಗೆ ಎರಡು ತೋಳು, ಮೇಲೆ ಒಂದೇ ಒಂದು, ಜೊತೆಗೆ ಪನ್ಹಾರ್ಡ್ ಅಥವಾ ವಾಟ್ಸ್. ಹೌಸಿಂಗನ್ನು ತಿರುಚಲು ಎರಡನೇ ಮೇಲ್ತೋಳೇ ಇಲ್ಲದಿರುವುದರಿಂದ ಬಿಗಿತದ ಮಾತೇ ಇಲ್ಲ. 2005ರ ಮಸ್ಟಾಂಗಿಗೆ ಫೋರ್ಡ್ ಕೂಡ ತ್ರೀ-ಲಿಂಕ್ ಮತ್ತು ಪನ್ಹಾರ್ಡನ್ನೇ ಆರಿಸಿತು. ಎಂಜಿನ್ನಿನ ತಿರುಚು ಬಲ ಬಲಗಡೆಯ ಹಿಂಚಕ್ರವನ್ನು ಹಗುರ ಮಾಡುತ್ತದೆ. ಮೇಲಿನ ತೋಳನ್ನು ನಡುವಿನಿಂದ ತುಸು ಬಲಕ್ಕೆ ಕೂರಿಸಿ ಅದನ್ನೂ ಸರಿದೂಗಿಸಬಹುದು. ಬೆಲೆ ಏನೆಂದರೆ, ಕಾರಿನ ನೆಲ ಕತ್ತರಿಸಬೇಕು, ಕೆಲವೊಮ್ಮೆ ಹಿಂದಿನ ಸೀಟೂ ಹೋಗುತ್ತದೆ. ಮೇಲಿನ ತೋಳಿನ ಓರೆಯನ್ನು ಹೆಚ್ಚಿಸಿ ಹಿಂಭಾಗ ಕುಕ್ಕರಿಸದಂತೆ ಮಾಡುವ ದುರಾಸೆಯೂ ಬೇಡ. ಆಕ್ಸಿಲರೇಟರಿಗೆ ಸಿಕ್ಕ ಲಾಭ ಬ್ರೇಕ್ ಹಾಕಿದಾಗ ಕುಪ್ಪಳಿಕೆಯಾಗಿ ತಿರುಗಿ ಬರುತ್ತದೆ.

ಒಂದೊಂದು ಚಕ್ರವೂ ತನ್ನಷ್ಟಕ್ಕೆ ಚಲಿಸುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ನುಣ್ಣನೆ ಕಾಂಕ್ರೀಟಿನ ಮೇಲೆ ಒಂದು ನಿಮಿಷ ಓಡುವುದಕ್ಕೆ ಅಷ್ಟು ಖರ್ಚು ಬೇಡ.

ಸ್ಪ್ರಿಂಗಿನ ಗಡಸುತನದಲ್ಲೂ ಒಂದು ಮೋಸವಿದೆ. ಎರಡು ಪಟ್ಟಿಗಳ ನಡುವೆ 110 ಸೆಂಟಿಮೀಟರ್, ಚಕ್ರಗಳ ನಡುವೆ 152 ಸೆಂಟಿಮೀಟರ್ ಇದೆ ಅನ್ನಿ. ವಾಲುವಿಕೆಗೆ ಎದುರಾಗಿ ಆ ಪಟ್ಟಿ ಕೊಡುವ ಬಲ ಈ ಅನುಪಾತದ ವರ್ಗದಷ್ಟು, ಅಂದರೆ ಪಟ್ಟಿ ಚಕ್ರದ ಜಾಗದಲ್ಲೇ ಇದ್ದಿದ್ದರೆ ಕೊಡುತ್ತಿದ್ದುದರ ಸುಮಾರು ಅರ್ಧ. ಹಾಗಂತ ಆ ಕೊರತೆ ತುಂಬಲು ಹಿಂದೆ ದಪ್ಪ ಆ್ಯಂಟಿ-ರೋಲ್ ಬಾರ್ ಹಾಕಬೇಡಿ. ಒಳಗಿನ ಹಿಂಚಕ್ರ ನೆಲ ಬಿಡುತ್ತದೆ, ಹಿಡಿತ ತಪ್ಪಿದ ಚಕ್ರವನ್ನೇ ತಿರುಗಿಸುವ ಓಪನ್ ಡಿಫರೆನ್ಷಿಯಲ್ ಇದ್ದರಂತೂ ಹೊಗೆ ಮಾತ್ರ ಬರುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ತೂಕ ಮೂಗಿನ ಮೇಲಿರುವ ಕಾರುಗಳಿವು. ದಪ್ಪ ಬಾರ್ ಮುಂದಕ್ಕೆ ಹಾಕಿ.

ಕೊನೆಗೆ ಹಾಸನದವರ ಕ್ಯಾಮರೋಗೆ ಮಾಡಿದ್ದಿಷ್ಟು. ಮೊದಲು ಎರಡೂ ಚಕ್ರಕ್ಕೆ ಶಕ್ತಿ ಕೊಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮತ್ತು ಹೊಸ ಟೈರು. ಆ ಕಾರಿಗೆ ಮುಂದೆ ಮಾತ್ರ ಸಬ್‌ಫ್ರೇಮ್ (ಬಿಡಿ ಚೌಕಟ್ಟು) ಇರುವುದು, ಅದನ್ನು ಹಿಂಭಾಗಕ್ಕೆ ಜೋಡಿಸುವ ಉಕ್ಕಿನ ಕೊಂಡಿಗಳನ್ನು ಬೆಸುಗೆ ಹಾಕಿದೆವು. ಹೊಸ ಪಟ್ಟಿ, ಒಳ್ಳೆಯ ಶಾಕಪ್ಸರ್, ಒಂದು ಪನ್ಹಾರ್ಡ್ ಬಾರ್. ನಂತರ ಶಾಕಪ್ಸರ್ ಬಿಚ್ಚಿ, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ಲಿನ ಒಂದು ತುದಿಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಎತ್ತಿದೆವು. ಬಲಗಡೆ ಸಲೀಸಾಗಿ ಏರಿತು. ಎಡಗಡೆ ಅರ್ಧಕ್ಕೇ ಕಿರ್ರೆಂದು ತಡೆಯಿತು. ಕಾರು ಗಾಳಿಯಲ್ಲಿ ತೂಗುತ್ತಿದ್ದಾಗಲೇ ನಮ್ಮ ಹುಡುಗ ಪಟ್ಟಿಯ ಮುಂದಿನ ಕಣ್ಣಿನ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟಿದ್ದ, ಒಳಗಿನ ರಬ್ಬರ್ ತಿರುಚಿಕೊಂಡಿತ್ತು. ಸಡಿಲಿಸಿ, ಕಾರನ್ನು ನಾಲ್ಕು ಚಕ್ರದ ಮೇಲೆ ಇಳಿಸಿ, ಭಾರ ಬಿದ್ದ ಮೇಲೆ ಮತ್ತೆ ಬಿಗಿದೆವು. ಅವರು ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದರು. "ಇಷ್ಟೇನಾ?" ಅಂದರು. ಇಷ್ಟೇ ಅಂದೆ.